ಪುಟ್ಟಿ ಮಂಡಿ ವಿಚಾರ

ಮ್ಯಾಂಚೆಸ್ಟರ್
ಭಾನುವಾರ

ಅಮ್ಮ, ಅಪ್ಪ, ನಮಸ್ಕಾರ. ಇಲ್ಲಿ ಎಲ್ಲ ಕ್ಷೇಮ.

ಅಪ್ಪನ ಕಾಗದವನ್ನ ಅಣ್ಣ ಫೋಟೋ ಹೊಡೆದು ಕಳಿಸಿದ. ಪುಟ್ಟಿ ಹೈಸ್ಕೂಲ್ ಮೈದಾನದಲ್ಲಿ ಫುಟ್‌ಬಾಲ್ ಆಡ್ತಾ ಬಿದ್ದು ಮಂಡಿ ಊದಿಸಿಕೊಂಡಿದಾಳೆ, ಇನ್ನು ಬಾಲ್ ಮುಟ್ಟೋದು ಬೇಡ, ಕಾಲು ಸೊಟ್ಟಾದರೆ ನಾಳೆ ಗಂಡು ಸಿಗೋದು ಹೇಗೆ ಅಂತ ತಾನೇ? ಗಂಡಿನ ಮಾತು ಆಮೇಲೆ. ಅವಳಿಗಿನ್ನೂ ಹದಿಮೂರು.

ಮೊದಲು ಮಂಡಿ. ಎಣ್ಣೆ ಹಚ್ಚಿ ನೀವಿಸಬೇಡಿ, ಬಿಸಿನೀರಿನ ಶಾಖವೂ ಬೇಡ, ಊತ ಏರುತ್ತೆ. ಐಸನ್ನ ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ದಿನಕ್ಕೆ ಮೂರ್ನಾಲ್ಕು ಸಲ. ಅವಳನ್ನ ಎರಡು ಮಾತು ಕೇಳಿ: ಬಿದ್ದಾಗ ಒಳಗೆ ಟಪ್ ಅಂತೇನಾದರೂ ಅನ್ನಿಸಿತಾ? ಊತ ಒಂದೆರಡು ಗಂಟೆಯಲ್ಲೇ ಬಂತಾ, ಮಾರನೇ ಬೆಳಗ್ಗೆ ಬಂತಾ? ಟಪ್ ಅಂದು ಕೂಡಲೇ ಊದಿದ್ದರೆ, ಮೆಟ್ಟಿಲಿಳಿವಾಗ ಮಂಡಿ ಜಾರಿದ ಹಾಗಾದರೆ, ಮೂಳೆ ಡಾಕ್ಟರಿಗೆ ಇವತ್ತೇ ತೋರಿಸಿ. ಎಕ್ಸ್‌ರೇ ಸರಿಯಿದೆ ಅಂತ ಸುಮ್ಮನಾಗಬೇಡಿ. ಅದರಲ್ಲಿ ಮೂಳೆ ಕಾಣುತ್ತೆ, ಮೂಳೆಗಳನ್ನ ಕಟ್ಟಿ ಹಿಡಿದಿರೋ ನಾರು, ಅಂದರೆ ಲಿಗಮೆಂಟ್, ಕಾಣಲ್ಲ. ಅದಕ್ಕೆ ಎಂಆರ್‌ಐ ಬೇಕು.

ಈ ವಯಸ್ಸಿನಲ್ಲಿ ಹುಡುಗಿಯರು ಉದ್ದ ಬೆಳೀತಾರೆ, ತೊಡೆಗೆ ಅಷ್ಟು ಬಲ ಬಂದಿರಲ್ಲ. ಹಾರಿ ನೆಲಕ್ಕಿಳಿವಾಗ ಮಂಡಿ ಒಳಕ್ಕೆ ವಾಲುತ್ತೆ, ಯಾರೂ ತಾಗದೆಯೂ ಲಿಗಮೆಂಟ್ ಹರಿಯಬಹುದು. ಆಟ ಬಿಡಿಸೋದು ಇದಕ್ಕೆ ಮದ್ದಲ್ಲ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದವರ '11+' ಅಂತ ಒಂದು ವಾರ್ಮಪ್ ಇದೆ: 8 ನಿಮಿಷ ಮೆಲ್ಲಗೆ ಓಟ, 10 ನಿಮಿಷ ಬಲ, ನೆಗೆತ, ಒಂಟಿಕಾಲ ಸಮತೋಲ, ಕೊನೆಗೆ 2 ನಿಮಿಷ ಜೋರು ಓಟ. ವಾರಕ್ಕೆ ಕನಿಷ್ಠ ಎರಡು ಸಲ. ಅದರಲ್ಲೊಂದು ಮನೇಲೇ ಆಗುತ್ತೆ: ಚಾಪೆ ಮೇಲೆ ಮಂಡಿಯೂರಿ ನಿಲ್ಲಬೇಕು, ಹಿಂದಿನಿಂದ ಅಣ್ಣ ಎರಡೂ ಕಾಲಿನ ಹರಡು ಅದುಮಿ ಹಿಡೀಬೇಕು, ಸೊಂಟ ಮುರಿಯದೆ ಹಲಗೆ ಥರ ಮುಂದಕ್ಕೆ ನಿಧಾನ ಬಾಗಬೇಕು. ಶುರುವಿಗೆ 3ರಿಂದ 5 ಸಲ ಸಾಕು. ಇದೆಲ್ಲ ಡಾಕ್ಟರು ಆಡಬಹುದು ಅಂದಮೇಲೆ, ಈಗಲ್ಲ! ನಾರ್ವೆಯಲ್ಲಿ 13ರಿಂದ 17ರ ಹುಡುಗಿಯರಿಗೆ ಈ ವಾರ್ಮಪ್ ಮಾಡಿಸಿ ನೋಡಿದರು, 2008ರಲ್ಲಿ ಲೆಕ್ಕ ಬಂತು: ದೊಡ್ಡ ಗಾಯಗಳು ಹತ್ತಿರ ಹತ್ತಿರ ಅರ್ಧಕ್ಕಿಳಿದವು.

ಶೂ ಬಗ್ಗೆ ಅಣ್ಣನಿಗೆ ಹೇಳಿ. ಅಡಿಯಲ್ಲಿ ಉದ್ದ ಸ್ಟಡ್, ಅಂದರೆ ಮುಳ್ಳು, ಇರೋದು ಬೇಡ. ಬೇಸಿಗೆಯಲ್ಲಿ ನಮ್ಮ ನೆಲ ಕಾವಲಿ ಥರ ಗಟ್ಟಿ, ಸ್ಟಡ್ ಇಳಿಯಲ್ಲ. ಗಿಡ್ಡ ರಬ್ಬರಿನ, ಒತ್ತೊತ್ತಾಗಿ ಗುಬಟು ಇರೋದು ಸಾಕು. ಬಾಲ್ ನಾಲ್ಕನೇ ಸೈಜೇ ಇರಲಿ. ಐದನೇದು 410ರಿಂದ 450 ಗ್ರಾಂ, ಅದು ಹದಿನಾಲ್ಕು ತುಂಬಿದವರಿಗೆ.

ಅಪ್ಪಾ, ಹೆಣ್ಣುಮಕ್ಕಳಿಗಲ್ಲದ ಆಟ ಅಂತ ಬರೆದಿದೀರಲ್ಲ, ಇಲ್ಲಿನ ಫುಟ್‌ಬಾಲ್ ಹಿರಿಯರೂ 1921ರ ಡಿಸೆಂಬರ್‌ನಲ್ಲಿ ಅದನ್ನೇ ಬರೆದು ಹೆಂಗಸರಿಗೆ ಮೈದಾನ ಮುಚ್ಚಿದ್ದರು. ಅದಕ್ಕೆ ಹಿಂದಿನ ವರ್ಷವಷ್ಟೇ ಲಿವರ್‌ಪೂಲ್‌ನಲ್ಲಿ ಹೆಂಗಸರ ಒಂದು ಮ್ಯಾಚಿಗೆ 53,000 ಜನ! ಐವತ್ತು ವರ್ಷ ಅಧಿಕೃತ ಮೈದಾನ ಸಿಗಲಿಲ್ಲ. 1972ರ ನವೆಂಬರ್‌ನಲ್ಲಿ ಇಂಗ್ಲೆಂಡ್ ಹೆಂಗಸರ ಮೊದಲ ಅಧಿಕೃತ ಪಂದ್ಯ, ಸ್ಕಾಟ್ಲೆಂಡ್ ಮೇಲೆ 3-2ರಲ್ಲಿ ಗೆದ್ದರು. ಇಂಗ್ಲೆಂಡಿನ ಮೊದಲ ಗೋಲು ಸಿಲ್ವಿಯಾ ಗೋರ್ ಅನ್ನೋಳದು. ಆಮೇಲೆ ಆಕೆ ವೇಲ್ಸ್ ತಂಡಕ್ಕೆ ಕೋಚ್ ಆದಳು, ಊರಿನ ಹುಡುಗಿಯರಿಗೆ ಆಟ ಕಲಿಸೋ ಕೆಲಸಕ್ಕೂ ನಿಂತಳು. ನಿಷೇಧದ ಕಾಲದಲ್ಲಿ ಆಡಿ ಬೆಳೆದವಳು, ಅಪ್ಪ.

ಇಲ್ಲಿ ತಮಾಷೆ ಅಂದರೆ, ಸಣ್ಣ ಮಕ್ಕಳ ಮ್ಯಾಚಿಗೆ ಅಪ್ಪ ಅಮ್ಮಂದಿರನ್ನ ಹಗ್ಗದಾಚೆ ನಿಲ್ಲಿಸ್ತಾರೆ, ಕೆಲವು ವಾರ ಕೂಗೋ ಹಾಗೂ ಇಲ್ಲ. ಮಳೇಲಿ ನೆನೀತಾ ಮೂಕರ ಥರ ಚಪ್ಪಾಳೆ. ಅತ್ತೆ ಇದ್ದಿದ್ದರೆ ಹಗ್ಗ ಹರೀತಿತ್ತು.

ಎಂಆರ್‌ಐ ಅಂದರೆ ದುಡ್ಡಿಗೆ ಯೋಚನೆ ಬೇಡ, ಅಣ್ಣನ ಅಕೌಂಟಿಗೆ ಇವತ್ತೇ ಹಾಕ್ತೀನಿ. ನಾನು ಚೆನ್ನಾಗಿದೀನಿ, ಊಟ ಸರಿಯಾಗಿ ಮಾಡ್ತಿದೀನಿ, ಕೆಮ್ಮೂ ಹೋಯ್ತು, ನಿಜವಾಗ್ಲೂ. ಟಪ್ ಅಂತಾ ಇಲ್ವಾ ಅನ್ನೋದನ್ನ ರಾತ್ರಿಯೊಳಗೆ ತಿಳಿಸಿ. ಬಸ್ಸು ಬಂತು.

ನಿಮ್ಮ ಮಗಳು