ಹೊಸ ಅಕ್ವೇರಿಯಂ ಇಡುವ ಸದಸ್ಯರ ಗಮನಕ್ಕೆ

ಬಳಗದ ಎಲ್ಲರಿಗೂ ನಮಸ್ಕಾರ.

ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್‌ನಿಂದ ತೊಟ್ಟಿಯನ್ನೂ ಮೀನುಗಳನ್ನೂ ಒಂದೇ ದಿನ ಕೊಂಡು ತಂದು, ವಾರ ಕಳೆಯುವುದರೊಳಗೆ ಮೀನು ಸತ್ತವೆಂದು ಗುಂಪಿನಲ್ಲಿ ಬರೆಯುವವರು ಹೆಚ್ಚಾಗಿರುವುದರಿಂದ ಈ ಸೂಚನೆಯನ್ನು ನೀಡುತ್ತಿದ್ದೇವೆ. ಬಹುತೇಕ ಸಂದರ್ಭಗಳಲ್ಲಿ ಅಂಗಡಿಯವರ ತಪ್ಪಿಗಿಂತ ನಮ್ಮ ಅವಸರದ ಪಾಲೇ ದೊಡ್ಡದು.

ಮೀನುಗಳು ಹೊರಬಿಡುವ ಮತ್ತು ಉಳಿದ ಆಹಾರ ಕೊಳೆತಾಗ ಹುಟ್ಟುವ ಅಮೋನಿಯಾ ಅವುಗಳಿಗೇ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿ ಬದಲಿಸಿದರೆ, ಅದೂ ವಿಷವೇ ಆದ್ದರಿಂದ, ಇನ್ನೊಂದು ಬಗೆಯವು ಅದನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಸಬೇಕು. ಈ ಎರಡೂ ಬಗೆಯ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲೂ ಜಲ್ಲಿಕಲ್ಲುಗಳ ಮೇಲೂ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಮೀನು ಬಿಡಲು ನೀರು ತಿಳಿಯಾಗಿದ್ದರೆ ಸಾಲದು. ನೀರು ಪರೀಕ್ಷಿಸುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು.

ಹಳೆಯ, ರೋಗವಿಲ್ಲದ ತೊಟ್ಟಿಯುಳ್ಳ ಸದಸ್ಯರು ತಮ್ಮ ಫಿಲ್ಟರಿನ ಸ್ಪಂಜಿನ ತುಂಡೊಂದನ್ನು ಕೊಟ್ಟರೆ ಈ ಅವಧಿ ಬಹಳಷ್ಟು ತಗ್ಗುತ್ತದೆ. ಆದರೆ ಮುಲುಂಡಿನಿಂದ ಡೊಂಬಿವಲಿಗೆ ಲೋಕಲ್ ರೈಲಿನಲ್ಲಿ ಒಯ್ಯುವಾಗ ಅದು ಒಣಗದಂತೆ ತೊಟ್ಟಿಯ ನೀರಿನಲ್ಲೇ ಇರಲಿ. ಅದನ್ನು ನಲ್ಲಿಯ ಕೆಳಗೆ ತೊಳೆಯಬಾರದು, ಏಕೆಂದರೆ ನಗರಪಾಲಿಕೆಯ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಮೀನಿನ ಕಿವಿರನ್ನೂ ಸುಡುತ್ತದೆ. ತೊಟ್ಟಿಗೆ ಹಾಕುವ ನೀರಿಗೆ ಕ್ಲೋರಿನ್ ನಿವಾರಕವನ್ನು ಬೆರೆಸಲೇಬೇಕು.

ಈಗಾಗಲೇ ಮೀನು ಬಿಟ್ಟಿರುವವರು ಆಹಾರವನ್ನು ಕಡಿಮೆ ಮಾಡಿ, ಅಮೋನಿಯಾ ಕಂಡಾಗಲೆಲ್ಲ ಕಾಲು ಭಾಗದಷ್ಟು ನೀರನ್ನು ಬದಲಿಸಬೇಕು. ಗಣೇಶ ಚತುರ್ಥಿಗೆ ಊರಿಗೆ ಹೊರಡುವವರು ಹೊಸ ತೊಟ್ಟಿಯನ್ನು ಹಿಂತಿರುಗಿದ ಮೇಲೆಯೇ ಇಡುವುದು ಒಳಿತು.