ಒಂದೇ ಲಾಗಿನ್ ಬರಲಿ, ಹಳೆಯ ದಾರಿಗಳು ಮುಚ್ಚಲಿ

ಸಂಪಾದಕರಿಗೆ,

ಮಾನ್ಯರೇ,

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹಲವು ಶಾಖೆಗಳನ್ನು ಹೊಂದಿರುವ ಸಹಕಾರಿ ಸಂಘಗಳು, ಆಸ್ಪತ್ರೆಗಳು ಮತ್ತು ಶಿಕ್ಷಣ ಸಂಸ್ಥೆಗಳು ತಮ್ಮ ನೌಕರರಿಗಾಗಿ ವರ್ಚುವಲ್ ಡೆಸ್ಕ್‌ಟಾಪ್ ಪೋರ್ಟಲ್ ಸ್ಥಾಪಿಸುವ ವಿಚಾರದಲ್ಲಿ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ. ಈ ವ್ಯವಸ್ಥೆಯಲ್ಲಿ ವಿಂಡೋಸ್, ಲೆಕ್ಕಪತ್ರದ ತಂತ್ರಾಂಶ, ಕಡತಗಳು ಎಲ್ಲವೂ ಕೇಂದ್ರ ಕಚೇರಿಯ ಸರ್ವರ್‌ನಲ್ಲೇ ಇರುತ್ತವೆ. ಕಾರ್ಕಳದಲ್ಲೋ ಬಂಟ್ವಾಳದಲ್ಲೋ ಕುಳಿತ ನೌಕರರು ಬ್ರೌಸರ್‌ನಲ್ಲಿ ಸಂಸ್ಥೆಯ ಪೋರ್ಟಲ್ ತೆರೆದು, ಸಿಂಗಲ್ ಸೈನ್-ಆನ್ ಮೂಲಕ ಒಮ್ಮೆ ಲಾಗಿನ್ ಆದರೆ ತಮಗೆ ಕೊಟ್ಟಿರುವ ಡೆಸ್ಕ್‌ಟಾಪ್ ಅವರ ಪರದೆಯ ಮೇಲೆ ಮೂಡುತ್ತದೆ.

ನಮ್ಮ ಕರಾವಳಿಗೆ ಇದರಿಂದ ಆಗುವ ಒಂದು ಪ್ರಯೋಜನವನ್ನು ಮಾರಾಟಗಾರರು ಅಷ್ಟಾಗಿ ಹೇಳುವುದಿಲ್ಲ. ಆಷಾಢದ ಗಾಳಿಮಳೆಗೆ ಶಾಖೆಯಲ್ಲಿ ವಿದ್ಯುತ್ ಹೋದರೂ, ಹೆದ್ದಾರಿ ಬದಿಯ ಅಗೆತಕ್ಕೆ ಕೇಬಲ್ ತುಂಡಾದರೂ, ಅರ್ಧ ಟೈಪ್ ಮಾಡಿದ ನಮೂದು ಕೇಂದ್ರದ ಸರ್ವರ್‌ನಲ್ಲಿ ಹಾಗೆಯೇ ತೆರೆದಿರುತ್ತದೆ. ಸಂಪರ್ಕ ಮರಳಿದಾಗ ಬಿಟ್ಟಲ್ಲಿಂದ ಮುಂದುವರಿಸಬಹುದು. ಆದರೆ ಎಷ್ಟು ಹೊತ್ತು ತೆರೆದಿರಬೇಕು ಎಂಬ ಮಿತಿಯನ್ನು ಆಡಳಿತವೇ ನಿಗದಿ ಮಾಡಬೇಕು. ಇಲ್ಲವಾದರೆ ನೌಕರರು ಮನೆಗೆ ಹೋದ ಮೇಲೂ ಅವರ ಕೆಲಸ ಸರ್ವರ್‌ನಲ್ಲಿ ತೆರೆದೇ ಉಳಿಯುತ್ತದೆ.

ಈಗಿರುವ ಪದ್ಧತಿಯಂತೂ ಬದಲಾಗಲೇಬೇಕು. ಸಣ್ಣ ಸಂಸ್ಥೆಗಳಲ್ಲಿ ಕೇಂದ್ರದ ಕಂಪ್ಯೂಟರ್‌ನ ರಿಮೋಟ್ ಡೆಸ್ಕ್‌ಟಾಪನ್ನು (ದೂರದಿಂದ ಆ ಕಂಪ್ಯೂಟರ್ ಬಳಸುವ ಸೌಲಭ್ಯ) 3389ನೇ ಪೋರ್ಟ್ ಎಂಬ ಸಂಪರ್ಕದ ಬಾಗಿಲಿನ ಮೂಲಕ ನೇರವಾಗಿ ಅಂತರ್ಜಾಲಕ್ಕೆ ತೆರೆದಿಡುವುದು, ಶಾಖೆಗೊಂದೇ ಪಾಸ್‌ವರ್ಡ್ ಇಟ್ಟು ಅದನ್ನು ಕೌಂಟರ್‌ನ ಕ್ಯಾಲೆಂಡರ್ ಮೇಲೆ ಬರೆದಿಡುವುದು ಅಪರೂಪವೇನಲ್ಲ. 2019ರಲ್ಲಿ ಇದೇ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬ್ಲೂಕೀಪ್ ಎಂಬ ದೋಷ ಪತ್ತೆಯಾದಾಗ, ಬೆಂಬಲ ನಿಲ್ಲಿಸಿ ವರ್ಷಗಳೇ ಕಳೆದಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತಿದ್ದುಪಡಿ ಕೊಟ್ಟಿತೆಂದರೆ ಈ ದಾರಿ ಎಷ್ಟು ಅಪಾಯಕಾರಿ ಎಂಬುದನ್ನು ಊಹಿಸಬಹುದು. ಹೊಸ ಪೋರ್ಟಲ್ ಉದ್ಘಾಟನೆಯಾದ ಬಳಿಕವೂ 'ಇರಲಿ, ಅಗತ್ಯಕ್ಕೆ ಬೇಕಾಗಬಹುದು' ಎಂದು ಈ ಹಳೆಯ ಪೋರ್ಟನ್ನು ತೆರೆದೇ ಬಿಟ್ಟರೆ, ಮುಂಬಾಗಿಲಿಗೆ ಹಿತ್ತಾಳೆಯ ಬೀಗ ಜಡಿದು ಹಿತ್ತಿಲ ಬಾಗಿಲನ್ನು ಮರೆತಂತೆ.

ವೆಚ್ಚದ ಮಾತು ಚಿಕ್ಕದು. ಡೆಸ್ಕ್‌ಟಾಪನ್ನು ಬ್ರೌಸರ್‌ಗೆ ತಲುಪಿಸುವ ಅಪಾಚೆ ಗ್ವಾಕಮೋಲೆ ಎಂಬ ಗೇಟ್‌ವೇ, ಕೀಕ್ಲೋಕ್ ಎಂಬ ಗುರುತು ಪರಿಶೀಲನಾ ತಂತ್ರಾಂಶ ಎರಡೂ ಮುಕ್ತ ತಂತ್ರಾಂಶಗಳು, ಶುಲ್ಕವಿಲ್ಲ. ವಿಂಡೋಸ್ ಸರ್ವರ್‌ನ ರಿಮೋಟ್ ಡೆಸ್ಕ್‌ಟಾಪ್ ಬಳಕೆಗೆ ಮಾತ್ರ ಪ್ರತ್ಯೇಕ ಪರವಾನಗಿ ಕೊಳ್ಳಲೇಬೇಕು; 'ಎಲ್ಲವೂ ಉಚಿತ' ಎನ್ನುವವರ ಮಾತನ್ನು ನಂಬಬಾರದು.

ನನ್ನ ಮುಖ್ಯ ಆಕ್ಷೇಪ ಇರುವುದು 'ಒಂದೇ ಲಾಗಿನ್' ಎಂಬ ಭರವಸೆಯ ಬಗ್ಗೆ. ಪೋರ್ಟಲ್‌ಗೆ ಲಾಗಿನ್ ಆಗುವುದು ಬೇರೆ, ಅದರ ಹಿಂದಿರುವ ವಿಂಡೋಸ್‌ಗೆ ಲಾಗಿನ್ ಆಗುವುದು ಬೇರೆ. ಪೋರ್ಟಲ್ ತಾನೇ ಪಾಸ್‌ವರ್ಡ್ ಕೇಳಿ ಸಂಸ್ಥೆಯ ಡೈರೆಕ್ಟರಿಯೊಂದಿಗೆ (ನೌಕರರ ಖಾತೆಗಳ ಪಟ್ಟಿ) ತಾಳೆ ನೋಡುವ ಎಲ್‌ಡ್ಯಾಪ್ ಪದ್ಧತಿಯಲ್ಲಿ, ಅದೇ ಪಾಸ್‌ವರ್ಡನ್ನು ವಿಂಡೋಸ್‌ಗೂ ದಾಟಿಸಬಹುದು. ಆದರೆ ಸುರಕ್ಷತೆಗಾಗಿ ಸ್ಯಾಮಲ್ ಅಥವಾ ಓಪನ್‌ಐಡಿ ಕನೆಕ್ಟ್ ಎಂಬ ಲಾಗಿನ್ ಪದ್ಧತಿ ಅಳವಡಿಸಿದಾಗ ಪಾಸ್‌ವರ್ಡ್ ಗುರುತು ಪರಿಶೀಲನಾ ಸರ್ವರ್‌ನಲ್ಲೇ ಉಳಿಯುತ್ತದೆ. ಪೋರ್ಟಲ್‌ಗೆ ಬರುವುದು 'ಇವರು ಇಂಥವರೇ ಹೌದು' ಎಂಬ ಸಹಿ ಹಾಕಿದ ದೃಢೀಕರಣ ಮಾತ್ರ. ವಿಂಡೋಸ್ ಆ ದೃಢೀಕರಣವನ್ನು ತಾನಾಗಿ ಒಪ್ಪಿಕೊಳ್ಳುವುದಿಲ್ಲವಾದ್ದರಿಂದ ನೌಕರರ ಮುಂದೆ ಮತ್ತೊಮ್ಮೆ ಪಾಸ್‌ವರ್ಡ್ ಕೇಳುವ ಪರದೆ ಬರುತ್ತದೆ. ಸಿಟ್ರಿಕ್ಸ್, ಹೊರೈಜನ್‌ನಂಥ ದುಬಾರಿ ವ್ಯವಸ್ಥೆಗಳು ಅಲ್ಪಾವಧಿಯ ಡಿಜಿಟಲ್ ಪ್ರಮಾಣಪತ್ರವನ್ನು ಆ ಕ್ಷಣಕ್ಕೆ ಸೃಷ್ಟಿಸಿ ಈ ಅಡ್ಡಿಯನ್ನು ನಿವಾರಿಸುತ್ತವೆ. ಅಗ್ಗದ ಗುತ್ತಿಗೆಯಲ್ಲಿ ಅಂಥ ಏರ್ಪಾಡು ಇಲ್ಲದಿದ್ದಾಗ ಎಲ್ಲರಿಗೂ ಒಂದೇ ವಿಂಡೋಸ್ ಖಾತೆಯನ್ನು ಪೋರ್ಟಲ್‌ನೊಳಗೆ ಬರೆದಿಟ್ಟು 'ನೋಡಿ, ಎರಡನೇ ಬಾರಿ ಕೇಳುವುದಿಲ್ಲ' ಎಂದು ತೋರಿಸುವವರಿದ್ದಾರೆ. ಆಗ ಯಾವ ನಮೂದನ್ನು ಯಾರು ಮಾಡಿದರು ಎಂದು ವಿಂಡೋಸ್‌ನ ದಾಖಲೆಯಿಂದ ತಿಳಿಯುವ ದಾರಿಯೇ ಇರುವುದಿಲ್ಲ, ಲೆಕ್ಕಪರಿಶೋಧಕರಿಗೂ ಅಷ್ಟೇ. ಇದಕ್ಕಿಂತ ಎರಡು ಸಲ ಪಾಸ್‌ವರ್ಡ್ ಹಾಕುವ ಕಿರಿಕಿರಿಯೇ ಎಷ್ಟೋ ವಾಸಿ.

ಲಾಗೌಟ್ ಬಗ್ಗೆಯೂ ಇಂಥದ್ದೇ ತೊಡಕಿದೆ. ನಮ್ಮ ಶಾಖೆಗಳಲ್ಲಿ ಒಂದೇ ಕೌಂಟರ್ ಕಂಪ್ಯೂಟರನ್ನು ಇಬ್ಬರು ಮೂವರು ಸರದಿಯಂತೆ ಬಳಸುತ್ತಾರೆ. ಪೋರ್ಟಲ್‌ನಿಂದ ಹೊರಬಂದರೂ ಗುರುತು ಪರಿಶೀಲನಾ ಸರ್ವರ್‌ನ ಲಾಗಿನ್ ಜೀವಂತವಾಗಿದ್ದರೆ, ಮುಂದೆ ಬಂದು ಕುಳಿತವರು ಲಾಗಿನ್ ಗುಂಡಿ ಒತ್ತಿದೊಡನೆ ಹಿಂದಿನವರ ಹೆಸರಿನಲ್ಲೇ ಒಳಹೋಗುತ್ತಾರೆ. ಗುತ್ತಿಗೆದಾರರು ಕೆಲಸ ಒಪ್ಪಿಸುವ ದಿನ ಆಡಳಿತ ಮಂಡಳಿಯವರು ತಾವೇ ಕುಳಿತು ಇದನ್ನು ಪರೀಕ್ಷಿಸಬಹುದು, ತಾಂತ್ರಿಕ ಜ್ಞಾನವೇನೂ ಬೇಕಿಲ್ಲ.

ಇನ್ನು ಗಡಿಯಾರ. ಮೊಬೈಲ್ ಆ್ಯಪ್‌ನಲ್ಲಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿಯ ಸಂಖ್ಯೆಯನ್ನು ಎರಡನೇ ಪುರಾವೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದೇ, ಆದರೆ ಅದು ಸರಿಯಾದ ಸಮಯವನ್ನೇ ಅವಲಂಬಿಸಿದೆ. ವಿಂಡೋಸ್ ಡೊಮೈನ್‌ನಲ್ಲಿ (ಖಾತೆಗಳನ್ನು ಕೇಂದ್ರದಿಂದಲೇ ನಿರ್ವಹಿಸುವ ಜಾಲ) ಗುರುತು ಪರಿಶೀಲನೆಗೆ ಬಳಸುವ ಕರ್ಬರೋಸ್ ಪದ್ಧತಿ ಕೂಡ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಸಹಿಸುವುದಿಲ್ಲ. ಶಾಖೆಯ ಹಳೆಯ ಕಂಪ್ಯೂಟರ್‌ನ ಒಳಬ್ಯಾಟರಿ ಸತ್ತು ದಿನಾಂಕ ವರ್ಷಗಳಷ್ಟು ಹಿಂದಕ್ಕೆ ಹೋಗಿದ್ದರಂತೂ ಬ್ರೌಸರ್ ಪೋರ್ಟಲನ್ನೇ ನಂಬದೆ ಎಚ್ಚರಿಕೆ ತೋರಿಸುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಲ್ಲಿ ಗಡಿಯಾರಗಳ ಹೊಂದಾಣಿಕೆಯನ್ನೂ, ಲಾಗ್ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳುವುದನ್ನೂ, ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡುವುದನ್ನೂ ಕಡ್ಡಾಯಗೊಳಿಸಿದೆ. ಒಂದೇ ಪೋರ್ಟಲ್ ಮೂಲಕ ಎಲ್ಲರೂ ಬಂದುಹೋಗುವಾಗ ಈ ದಾಖಲೆಗಳನ್ನು ಇಡುವುದು ಹಿಂದಿಗಿಂತ ಸುಲಭ.

ಗುರುತು ಪರಿಶೀಲನಾ ಸರ್ವರ್ ಕೆಟ್ಟರೆ ಎಲ್ಲ ಶಾಖೆಗಳ ಕೆಲಸವೂ ಒಟ್ಟಿಗೆ ನಿಲ್ಲುತ್ತದೆ. ಹಾಗಾಗಿ ಎರಡನೆಯದೊಂದು ಸರ್ವರ್ ಸಿದ್ಧವಿರಬೇಕು. ತುರ್ತು ಬಳಕೆಯ ಆಡಳಿತ ಖಾತೆಯೊಂದರ ವಿವರ ಮೊಹರು ಹಾಕಿದ ಲಕೋಟೆಯಲ್ಲಿ ತಿಜೋರಿಯೊಳಗಿರಬೇಕು. ನಿವೃತ್ತರಾದವರ, ವರ್ಗವಾದವರ ಹೆಸರನ್ನು ಅದೇ ದಿನ ಪಟ್ಟಿಯಿಂದ ತೆಗೆಯುವ ಹೊಣೆ ಕಂಪ್ಯೂಟರ್ ವಿಭಾಗದ್ದಲ್ಲ, ನೌಕರರ ಕಡತ ನೋಡುವ ವಿಭಾಗದ್ದು. ಈ ಸಣ್ಣ ವಿಷಯದಲ್ಲೇ ಹೆಚ್ಚಿನ ಕಡೆ ಎಡವಟ್ಟಾಗುವುದು.

ಸಹಕಾರಿ ನೌಕರರಿಗೆ ತರಬೇತಿ ನೀಡುವ ಜಿಲ್ಲಾ ಸಹಕಾರಿ ಯೂನಿಯನ್‌ಗಳು ಟೆಂಡರ್ ಕರೆಯುವ ಮುನ್ನ ಕೇಳಬೇಕಾದ ಇಂಥ ಪ್ರಶ್ನೆಗಳನ್ನು ತಮ್ಮ ತರಬೇತಿಯಲ್ಲಿ ಸೇರಿಸಬೇಕೆಂದು ಕೋರುತ್ತೇನೆ. ಸದಸ್ಯರೂ ಈ ಬಾರಿಯ ಮಹಾಸಭೆಯಲ್ಲಿ ಡಿವಿಡೆಂಡ್ ಎಷ್ಟೆಂದು ವಿಚಾರಿಸಿದ ಬಳಿಕ, 3389ನೇ ಪೋರ್ಟ್ ಮುಚ್ಚಿದೆಯೇ ಎಂದೂ ಒಮ್ಮೆ ಕೇಳಲಿ.

ಇತಿ,
ಸಹಕಾರಿ ಸಂಘವೊಂದರ ಸದಸ್ಯ, ಉಡುಪಿ