ಒಂದು ವರ್ಷದ ಫೆಲೋಶಿಪ್ ಯಾರಿಗೆ?

ಮಾನ್ಯರೇ,

ಬಡವರ ಪರ ಉಚಿತವಾಗಿ ವಾದಿಸುವ ಯುವ ವಕೀಲರಿಗೆ ದೊಡ್ಡ ಕಾನೂನು ಸಂಸ್ಥೆಗಳು ಫೆಲೋಶಿಪ್, ಅಂದರೆ ನಿಗದಿತ ಅವಧಿಯ ಧನಸಹಾಯ, ಕೊಡಬೇಕು ಎಂಬ ಮಾತು ವಕೀಲರ ವಲಯದಲ್ಲಿದೆ. ಕೊಡಲಿ. ಆದರೆ ಒಂದೇ ವರ್ಷಕ್ಕೆ ಕೊಟ್ಟರೆ ಪ್ರಯೋಜನ ಕಡಿಮೆ. ಕೋರ್ಟು, ಜೈಲು, ತಾಲ್ಲೂಕು ಕಚೇರಿಗಳ ಒಳಹೊರಗು ತಿಳಿಯುವುದಕ್ಕೇ ಮೊದಲ ಕೆಲವು ತಿಂಗಳು ಬೇಕು. ಕೊನೆಯ ತಿಂಗಳುಗಳು ಮುಂದಿನ ಕೆಲಸ ಹುಡುಕುವುದರಲ್ಲಿ ಕಳೆಯುತ್ತವೆ. ನಡುವಿನ ಅವಧಿಯಲ್ಲಿ ಒಂದು ಜೀವನಾಂಶದ ಅರ್ಜಿ ಸಾಕ್ಷ್ಯದ ಹಂತ ಮುಟ್ಟಿದರೆ ಪುಣ್ಯ. ಅಮೆರಿಕದ ಸ್ಕಾಡೆನ್ ಕಾನೂನು ಸಂಸ್ಥೆ 1988ರಲ್ಲಿ ಆರಂಭಿಸಿದ ಫೆಲೋಶಿಪ್‌ನ ಅವಧಿ ಎರಡು ವರ್ಷ. ಫೆಲೋ (ಫೆಲೋಶಿಪ್ ಪಡೆದ ವಕೀಲರು) ಕೆಲಸ ಮಾಡುವುದು ಬಡವರ ಮೊಕದ್ದಮೆ ನಡೆಸುವ ಸಂಘಟನೆಯಲ್ಲಿ, ಸಂಸ್ಥೆಯ ಕಚೇರಿಯಲ್ಲಲ್ಲ. ನಮ್ಮಲ್ಲೂ ಹಾಗೆಯೇ ಆಗಬೇಕು.

ನೇಮಕದ ಪತ್ರ ಬರೆಯುವಾಗಲೇ ಎಡವಬಹುದು. ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮದ ಪ್ರಕಾರ, ವೃತ್ತಿಯಲ್ಲಿರುವ ವಕೀಲರು ಯಾರದೇ ಪೂರ್ಣಾವಧಿ ಸಂಬಳದ ನೌಕರರಾಗುವಂತಿಲ್ಲ. ಪತ್ರದಲ್ಲಿ ‘ಸಂಬಳ’, ‘ಪಿ.ಎಫ್.’, ‘ಗಳಿಕೆ ರಜೆ’ ಎಂದೆಲ್ಲ ಇದ್ದರೆ ವಕೀಲಿ ವೃತ್ತಿಯ ಪರವಾನಗಿಯಾದ ಸನ್ನದಿಗೇ ತಕರಾರು ಬಂದೀತು. ಕೊಡುವುದು ವೃತ್ತಿ ಶುಲ್ಕ ಎಂದು ಸ್ಪಷ್ಟವಾಗಿರಲಿ, ತೆರಿಗೆ ಕಡಿತವೂ ಅದೇ ಲೆಕ್ಕದಲ್ಲಾಗಲಿ. ಮೊತ್ತದ ವಿಚಾರಕ್ಕೆ ಬಂದರೆ, ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ ₹20,000, ಗ್ರಾಮೀಣ ಭಾಗದಲ್ಲಿ ₹15,000 ಕೊಡಬೇಕೆಂದು ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಶಿಫಾರಸು ಮಾಡಿದೆ. ಅದು ಕಡ್ಡಾಯವಲ್ಲ. ಆದರೂ ಹಣವಿರುವ ಸಂಸ್ಥೆ ಅದಕ್ಕಿಂತ ಕೆಳಗಿಳಿಯುವುದು ಶೋಭೆಯಲ್ಲ.

ಓಡಾಟ, ದೃಢೀಕೃತ ಪ್ರತಿ, ಟೈಪಿಂಗ್, ಹೈಕೋರ್ಟಿಗೆ ಹೋಗುವಾಗ ಕನ್ನಡ ದಾಖಲೆಗಳ ಇಂಗ್ಲಿಷ್ ಅನುವಾದ, ಇವಕ್ಕೆ ಬೇರೆಯೇ ಹಣ ಎತ್ತಿಡಬೇಕು. ಇಲ್ಲವಾದರೆ ಅಷ್ಟೂ ಖರ್ಚು ಫೆಲೋ ಜೇಬಿನಿಂದ ಹೋಗುತ್ತದೆ. ಕೋರ್ಟ್ ಶುಲ್ಕವನ್ನು ಮಾತ್ರ ಸುಮ್ಮನೆ ಕಟ್ಟಿಬಿಡಬಾರದು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್‌ನಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಕೋರ್ಟ್ ಶುಲ್ಕವೂ ಸೇರಿದ ಉಚಿತ ಕಾನೂನು ನೆರವಿಗೆ ಅರ್ಹರು. ಅಂಥವರಿಗೆ ಮೊದಲು ಜಿಲ್ಲಾ ಪ್ರಾಧಿಕಾರದಲ್ಲಿ ಅರ್ಜಿ ಹಾಕಿಸಬೇಕು.

ಹೆಚ್ಚು ಹಾನಿಯಾಗುವುದು ಫೆಲೋ ಬಿಟ್ಟು ಹೋಗುವಾಗ. ವಕಾಲತ್ತು (ಕಕ್ಷಿದಾರರು ವಕೀಲರಿಗೆ ಕೊಡುವ ಅಧಿಕಾರಪತ್ರ) ಅವರೊಬ್ಬರ ಹೆಸರಿನಲ್ಲೇ ಇದ್ದರೆ ಹೊಸ ವಕೀಲರು ಅವರನ್ನು ಹುಡುಕಿ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು. ಅಷ್ಟರಲ್ಲಿ ಸಿವಿಲ್ ದಾವೆ ಗೈರುಹಾಜರಿಗೆ ವಜಾ ಆಗಿರುತ್ತದೆ, ಕ್ರಿಮಿನಲ್ ಪ್ರಕರಣದಲ್ಲಿ ವಾರಂಟ್ ಹೊರಟಿರುತ್ತದೆ. ಆದ್ದರಿಂದ ವಕಾಲತ್ತಿಗೆ ಸಂಘಟನೆಯ ಸೀನಿಯರ್ ಕೂಡ ಮೊದಲ ದಿನವೇ ಸಹಿ ಹಾಕಿರಬೇಕು. ಕೊನೆಯ ಮೂರು ತಿಂಗಳು ಹೊಸ ಪ್ರಕರಣ ಬೇಡ. ಪ್ರತಿ ಕಡತದ ಮೇಲೊಂದು ಹಾಳೆ ಇರಲಿ: ಮುಂದಿನ ದಿನಾಂಕ, ಯಾವ ಹಂತ, ಅಸಲು ದಾಖಲೆ ಯಾರ ಬಳಿ, ಕಕ್ಷಿದಾರರ ಜತೆಗೆ ಮನೆಯವರೊಬ್ಬರ ಫೋನ್ ನಂಬರ್. (ಕಕ್ಷಿದಾರರ ನಂಬರ್ ಬದಲಾಗುತ್ತಲೇ ಇರುತ್ತದೆ.)

ಹಣ ಕೊಡುವವರು ‘ಎಷ್ಟು ಕೇಸು?’ ಎಂದು ಮಾತ್ರ ಕೇಳುವುದು ಇನ್ನೊಂದು ತೊಂದರೆ. ಹಾಗೆ ಕೇಳಿದರೆ ಸುಲಭದ ಜಾಮೀನು ಅರ್ಜಿಗಳೇ ಸಾಲುಗಟ್ಟುತ್ತವೆ. ಆದೇಶ ಸಿಕ್ಕರೂ ಪಹಣಿ ಹಿಡಿದು ಬಂದು ನಿಲ್ಲುವ ಜಾಮೀನುದಾರರಿಲ್ಲದೆ ಹೊರರಾಜ್ಯದ ಕೂಲಿಯವನು ಒಳಗೇ ಉಳಿಯುತ್ತಾನೆ, ಲೆಕ್ಕದಲ್ಲಿ ಮಾತ್ರ ಅವನ ಕೇಸು ಮುಗಿದಿರುತ್ತದೆ. ಆದೇಶವಾಗಿ ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಜಾಮೀನು ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಸ್ಥಳೀಯ ಜಾಮೀನುದಾರರೇ ಬೇಕೆಂಬ ಹಟ ಬೇಡವೆಂದೂ ಸೂಚಿಸಿದೆ. ಈ ದಿನಾಂಕಗಳನ್ನು ಡೈರಿಯಲ್ಲಿ ಬರೆದಿಟ್ಟುಕೊಂಡು ಬೆನ್ನು ಹತ್ತುವುದೇ ಫೆಲೋ ಕೆಲಸ. ವರದಿಯಲ್ಲಿ ‘ಜಾಮೀನು ಆದೇಶದ ದಿನ’ದ ಪಕ್ಕದಲ್ಲೇ ‘ಜೈಲಿನಿಂದ ಹೊರಬಂದ ದಿನ’ ಎಂಬ ಕಾಲಂ ಇರಲಿ.

ಸಂಸ್ಥೆಯ ಕಕ್ಷಿದಾರರಾದ ಬ್ಯಾಂಕು, ಬಿಲ್ಡರ್‌ಗಳ ವಿರುದ್ಧವೇ ಫೆಲೋ ನಿಲ್ಲಬೇಕಾದ ಸಂದರ್ಭವೂ ಬರುತ್ತದೆ. ಪ್ರಕರಣದ ಆಯ್ಕೆಯಲ್ಲಿ ಸಂಸ್ಥೆ ಕೈಹಾಕುವುದಿಲ್ಲ, ಕಡತ ಕೇಳುವುದಿಲ್ಲ ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಬಾಯಿಮಾತಿನ ಭರವಸೆ ಇಲ್ಲಿ ಸಾಲದು.